ಬ್ರೆಡ್ ವ್ಯಾನಿನ ಬಲಬಾಗಿಲು

ನಮ್ಮ ಊರಿನಲ್ಲಿ ಗಾಡಿ ತೊಳೆಯುವುದು ಯಾರಿಗೆ ಬೇಕಾದರೂ ಬರುತ್ತದೆ. ಒಂದು ಬಕೆಟ್ ನೀರು, ಒಂದು ಹಿಡಿ ಸೋಪಿನ ಪುಡಿ ಇದ್ದರೆ ಆಯಿತು. ಧೂಳು ಹೋಗುತ್ತದೆ, ಕೆಸರು ಹೋಗುತ್ತದೆ, ಕಾಗೆ ಹಾಕಿದ್ದೂ ಹೋಗುತ್ತದೆ. ಹೋಗದೆ ಉಳಿಯುವುದು ನೋಟ. ಜನ ನೋಡಿದ್ದು ಬಣ್ಣದ ಮೇಲೆ ಕೂತುಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಜಗ್ಗುವುದಿಲ್ಲ. ಅದನ್ನು ಎತ್ತಲು ಹಿಟ್ಟಿನ ಹಾಗೆ ನಾದುವ ಜೇಡಿಮಣ್ಣಿನ ಬಿಲ್ಲೆಯೇ ಬೇಕು, ಬಿಲ್ಲೆ ಹಿಡಿಯುವ ಕೈಯೂ ಬೇಕು. ಈ ಊರಲ್ಲಿ ಅಂಥ ಕೈ ಎರಡು ಜನರಿಗಿದೆ. ಒಬ್ಬಳು ಕೆರೆಯ ಹಿಂದಿನ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿರುವ ಸರ್ವಮಂಗಳ, ಅಂದರೆ ನಾನು. ಇನ್ನೊಬ್ಬಳ ವಿಷಯ ಆಮೇಲೆ ಹೇಳುತ್ತೇನೆ. ಈಗಲೇ ಹೇಳಲು ಹೋದರೆ ನನಗೆ ಕೋಪ ಬರುತ್ತದೆ.

ಕೆಲಸ ನೋಡಲು ಸುಲಭ. ಗಾಡಿಯನ್ನು ನೆರಳಿಗೆ ತಂದು ಚೆನ್ನಾಗಿ ತೊಳೆಯಬೇಕು. ಆಮೇಲೆ ಬೆರಳಿಗೆ ತೆಳ್ಳನೆಯ ಪ್ಲಾಸ್ಟಿಕ್ ಕವರು ಹಾಕಿಕೊಂಡು ಬಣ್ಣದ ಮೇಲೆ ಮೆಲ್ಲಗೆ ಸವರಬೇಕು. ಬರಿಗೈಗೆ ನುಣ್ಣಗೆ ಅನ್ನಿಸಿದ್ದೆಲ್ಲ ಕವರಿನ ಬೆರಳಿಗೆ ತರಿತರಿಯಾಗಿ ಸಿಗುತ್ತದೆ. ಹೊಟ್ಟೆಕಿಚ್ಚಿನ ನೋಟ ಚುಚ್ಚುತ್ತದೆ. ಮಕ್ಕಳ ನೋಟ ಅಂಟಂಟು. ಕೆಲಸವಿಲ್ಲದೆ ನಿಂತು ನೋಡಿದವರದು ರವೆ ಚೆಲ್ಲಿದ ಹಾಗೆ, ಎಲ್ಲೆಂದರಲ್ಲಿ. ಸಿಕ್ಕಿದ ಕಡೆ ಸೋಪಿನ ನೀರು ಚಿಮುಕಿಸಿ, ಬಿಲ್ಲೆಯನ್ನು ಅಂಗೈಯಲ್ಲಿ ತಟ್ಟಿ ಚಪ್ಪಟೆ ಮಾಡಿ, ಒತ್ತದೆ ಜಾರಿಸಬೇಕು. ಮೊದಲು ಕರಕರ ಎಂದು ಹಿಡಿಯುತ್ತದೆ, ಆಮೇಲೆ ಸದ್ದಿಲ್ಲದೆ ಜಾರುತ್ತದೆ. ಕೊಳೆಯಾದ ಮುಖವನ್ನು ಒಳಕ್ಕೆ ಮಡಚಿ ಮತ್ತೆ ನಾದಿಕೊಳ್ಳಬೇಕು. ಬಿಲ್ಲೆ ಕೈಜಾರಿ ನೆಲಕ್ಕೆ ಬಿತ್ತೋ, ಮರುಮಾತಿಲ್ಲದೆ ಎಸೆಯಬೇಕು. ನೆಲದ ಮರಳು ಹತ್ತಿದ ಬಿಲ್ಲೆ ಬಣ್ಣವನ್ನೇ ಗೀರುತ್ತದೆ. ಇಷ್ಟೆಲ್ಲ ಆಗಿ ಒರೆಸಿದ ಮೇಲೆ ಮೇಣ. ಬಿಲ್ಲೆ ಆಡಿಸದೆ ಅವಸರಕ್ಕೆ ಮೇಣ ಹಚ್ಚಿದರೆ ನೋಟ ಅದರ ಅಡಿಯಲ್ಲಿ ಸಿಕ್ಕಿಕೊಂಡು ಅಲ್ಲೇ ಸಂಸಾರ ಹೂಡುತ್ತದೆ.

ನೋಟಕ್ಕೆ ತೂಕ ಬೇರೆ ಇದೆ. ಟೈಲರ್ ರೇವಣ್ಣ ಕೆಂಪು ಸ್ಕೂಟರು ತಂದು ದಿನಾ ಬಸ್ ಸ್ಟ್ಯಾಂಡಿನ ಮುಂದೆ ನಿಲ್ಲಿಸಿ ಮೆರೆದ. ತಿಂಗಳು ತುಂಬುವಷ್ಟರಲ್ಲಿ ಅದನ್ನು ಸ್ಟ್ಯಾಂಡಿಗೆ ಹಾಕಲು ಇಬ್ಬರು ಬೇಕಾಯಿತು. ಮದುವೆಯ ಕಾರುಗಳಂತೂ ಛತ್ರದಿಂದ ನೇರವಾಗಿ ನನ್ನ ಶೆಡ್ಡಿಗೇ ಬರುತ್ತವೆ, ಇಲ್ಲದಿದ್ದರೆ ಹೆಣ್ಣಿನ ಮನೆಯ ದಿಬ್ಬ ಹತ್ತುವುದಿಲ್ಲ. ನಮ್ಮ ಕಸುಬಿನಲ್ಲಿ ಇರುವ ಒಂದೇ ತೊಡಕು ಏನೆಂದರೆ, ಉಜ್ಜುವವಳ ಸ್ವಂತ ನೋಟ ಅವಳ ಬೆರಳಿಗೆ ತಿಳಿಯುವುದಿಲ್ಲ. ಹಾಗಾಗಿ ನಾವು ನಮ್ಮ ಮನೆಯ ಗಾಡಿಗಳನ್ನು ನಾವೇ ಉಜ್ಜುವುದಿಲ್ಲ, ಇನ್ನೊಬ್ಬರ ಕೈಗೆ ಕೊಡುತ್ತೇವೆ. ನನ್ನ ಯಜಮಾನರ ಸ್ಕೂಟರನ್ನು ಅವರ ತಂಗಿ ದಾಕ್ಷಾಯಿಣಿ ಉಜ್ಜುತ್ತಿದ್ದಳು.

ಇನ್ನೊಬ್ಬಳು ಎಂದೆನಲ್ಲ, ಅವಳೇ. ಯಜಮಾನರು ತೀರಿಕೊಳ್ಳುವವರೆಗೆ ಇಬ್ಬರೂ ಒಂದೇ ಶೆಡ್ಡಿನಲ್ಲಿ, ಒಂದೇ ಬಕೆಟ್ಟಿನ ನೀರಿನಲ್ಲಿ ಕೆಲಸ ಮಾಡಿದವರು. ಅವರು ತೀರಿಕೊಂಡ ವರ್ಷ ನಾನು ಬಿಲ್ಲೆ ನಾದುವುದರಲ್ಲಿ ಮುಳುಗಿ ಯಾರ ಮುಖವನ್ನೂ ನೋಡದೆ ಇದ್ದೆ. ಅವಳು ಅದನ್ನು ಕಲ್ಲುಮನಸ್ಸು ಅಂದಳು, ನಾನು ಅವಳನ್ನು ಬಾಯಿಬಡುಕಿ ಅಂದೆ. ಅವಳು ಮೇಲಿನ ಪೇಟೆಯಲ್ಲಿ ಬೇರೆ ಶೆಡ್ಡು ಹಾಕಿದಳು, ನನ್ನ ಅರ್ಧ ಗಿರಾಕಿಗಳನ್ನೂ ಕರೆದುಕೊಂಡು ಹೋದಳು. ಯುಗಾದಿಗೆ ಅವಳ ಮನೆಯಿಂದ ಒಬ್ಬಟ್ಟು ಬರುತ್ತದೆ, ನನ್ನ ಮನೆಯಿಂದಲೂ ಹೋಗುತ್ತದೆ. ಮಾತು ಮಾತ್ರ ಇರಲಿಲ್ಲ.

ಈಗ ಪಾಲಾಕ್ಷಪ್ಪನ ವಿಷಯಕ್ಕೆ ಬರುತ್ತೇನೆ. ಉಮಾಪತಿಯ ಬೇಕರಿಯ ವ್ಯಾನು ಓಡಿಸುವವರು. ತಂಗಿಯರ ಮದುವೆ ಒಂದೊಂದಾಗಿ ಮಾಡುತ್ತ ತಮ್ಮ ಮದುವೆಯನ್ನೇ ಮರೆತುಬಿಟ್ಟ ಮನುಷ್ಯ. ಉದ್ದಕ್ಕೆ, ತೆಳ್ಳಗೆ, ಕಿವಿಯ ಹತ್ತಿರ ನರೆ. ಮಾತು ಅಳೆದು ತೂಗಿ. ದಿನಾ ಬೆಳಿಗ್ಗೆ ನನ್ನ ಶೆಡ್ಡಿನ ಎದುರಿನ ಟೀ ಅಂಗಡಿಗೆ ಬನ್ನು ಇಳಿಸಲು ರಸ್ತೆಯ ಆ ಕಡೆ ವ್ಯಾನು ನಿಲ್ಲಿಸುತ್ತಾರೆ. ಆಗ ಬಲಬಾಗಿಲು ನನ್ನ ಕಡೆಗಿರುತ್ತದೆ. ಅದರ ಕಿಟಕಿಯ ಮೇಲೆ ಅವರ ಮೊಣಕೈ. ನಾನು ಬಿಲ್ಲೆ ನಾದುತ್ತ ಒಂದು ಸಲ ತಲೆಯೆತ್ತಿ ನೋಡುತ್ತೇನೆ. ನಾನೇ ಮೇಣ ಹಚ್ಚಿದ ಗಾಡಿ, ಹೊಳಪು ಹೇಗೆ ನಿಂತಿದೆ ಎಂದು ನೋಡುವುದು ಬೇಡವೇ? ದರ್ಜಿ ತಾನು ಹೊಲಿದ ಅಂಗಿ ತೊಟ್ಟವನನ್ನು ನೋಡುವುದಿಲ್ಲವೇ? ಹಾಗೆ ನೋಡುತ್ತೇನೆ ಅಂದುಕೊಂಡಿದ್ದೆ.

ಆ ವ್ಯಾನಿಗೆ ಈಚೆಗೆ ಒಂದು ಕಾಯಿಲೆ ಹತ್ತಿತು. ಬಲಕ್ಕೆ ಎಳೆಯುವುದು. ಮೊದಲು ಸ್ವಲ್ಪ, ಆಮೇಲೆ ಜೋರಾಗಿ. ಒಂದು ದಿನ ನಾಲೆಯ ಸೇತುವೆಯ ಮೇಲೆ ಬಲಗಡೆಯ ಕಟ್ಟೆಗೆ ಉಜ್ಜಿ, ಹಿಂಬಾಗಿಲು ತೆರೆದುಕೊಂಡು ಒಂದು ಟ್ರೇ ಬನ್ನು ನೀರಿಗೆ ಬಿತ್ತು. ಬಾತುಕೋಳಿಗಳಿಗೆ ಹಬ್ಬ. ಮೆಕ್ಯಾನಿಕ್ ಅಮ್ಜದ್ ಚಕ್ರ ಬಿಚ್ಚಿ ನೋಡಿದ, ಸ್ಟೇರಿಂಗು ನೋಡಿದ, ಎಡಗಡೆ ಸೀಟಿನ ಮೇಲೆ ಮೈದಾದ ಮೂಟೆ ಇಟ್ಟೂ ನೋಡಿದ. ಮೂಟೆಗೆ ವ್ಯಾನು ಕ್ಯಾರೇ ಅನ್ನಲಿಲ್ಲ. ನೋಟದ ಭಾರಕ್ಕೆ ಮೈದಾ ಎಲ್ಲಿ ಸಮನಾದೀತು? "ಗಾಡಿ ಒಳಗೆ ಏನೂ ಇಲ್ಲ. ಮೈಮೇಲೆ ಇದೆ. ಉಜ್ಜಿದೋರನ್ನ ಕೇಳಿ," ಎಂದುಬಿಟ್ಟ.

ಉಜ್ಜಿದವಳು ನಾನು. ಉಮಾಪತಿ ಸ್ಕೂಟರಿನಲ್ಲಿ ಬಂದು ಶೆಡ್ಡಿನ ಮುಂದೆ ನಿಂತ. ಮನುಷ್ಯ ಕೆಟ್ಟವನಲ್ಲ, ಆದರೆ ಬನ್ನಿನ ವಿಷಯಕ್ಕೆ ಬಂದರೆ ಕರುಳೇ ಕಿತ್ತು ಬರುವ ಹಾಗೆ ಆಡುತ್ತಾನೆ.

"ಮಂಗಳಕ್ಕ, ಸೋಮವಾರ ನಾನು ಸೇತುವೆ ಆ ಕಡೆ ನಿಂತಿರ್ತೀನಿ. ಪಾಲಾಕ್ಷಪ್ಪ ವ್ಯಾನ್ ತಗೊಂಡು ನೆಟ್ಟಗೆ ದಾಟಿ ಬಂದ್ರೆ ಸರಿ. ಇಲ್ಲಾಂದ್ರೆ ಅವರಿಗೆ ಒಲೆ ಹತ್ರ ಕೆಲಸ. ವ್ಯಾನ್ ನಮ್ಮ ಅಳಿಯ ಓಡಿಸ್ತಾನೆ, ಬೈಪಾಸ್ ಕಡೆಯಿಂದ ಹೋಗ್ತಾನೆ."

"ನಾನು ಉಜ್ಜಿದ ಮೇಲೂ ನೋಟದ ಒಂದು ಹರಳು ಉಳಿದಿದ್ರೆ ಈ ಶೆಡ್ಡಿಗೆ ಬೀಗ ಹಾಕ್ತೀನಿ," ಎಂದೆ.

"ಬೀಗ ಗೀಗ ಬೇಡ ಅಕ್ಕ. ವ್ಯಾನ್ ನೆಟ್ಟಗೆ ಹೋದ್ರೆ ಸಾಕು."

ಅವನು ಹೋದ ಮೇಲೆ ನನಗೆ ಹೆಸರಿನ ಚಿಂತೆ ಹತ್ತಬೇಕಿತ್ತು. ಹತ್ತಿದ್ದು ಬೈಪಾಸಿನ ಚಿಂತೆ. ಬೈಪಾಸಿನಿಂದ ಹೋದರೆ ವ್ಯಾನು ನಮ್ಮ ರಸ್ತೆಗೆ ಬರುವುದಿಲ್ಲ. ಪಾಲಾಕ್ಷಪ್ಪ ದಿನವಿಡೀ ಒಲೆಯ ಮುಂದೆ ಬೆವರುತ್ತ ನಿಲ್ಲುತ್ತಾರೆ. ರಸ್ತೆ, ಗಾಳಿ, ಒಂದೊಂದು ಅಂಗಡಿಯಲ್ಲಿ ಎರಡೆರಡು ಮಾತು, ಇಷ್ಟೇ ಆ ಮನುಷ್ಯನ ಆಸ್ತಿ. ಅದನ್ನು ಕಿತ್ತುಕೊಂಡು ಒಲೆಯ ಮುಂದೆ ನಿಲ್ಲಿಸುತ್ತಾರಂತೆ. ನನಗೆ ಊಟ ಸೇರಲಿಲ್ಲ.

ಮರುದಿನ ವ್ಯಾನನ್ನು ನೆರಳಿಗೆ ಹಾಕಿಸಿ ತಲೆಯಿಂದ ಕಾಲಿನವರೆಗೆ ಉಜ್ಜಿದೆ. ಬಾನೆಟ್ಟಿನ ಮೇಲೆ ಬಸ್ ಸ್ಟ್ಯಾಂಡಿನವರ ನೋಟ ಸಿಕ್ಕಿತು. ಹಿಂಬಾಗಿಲಿನ ತುಂಬ ಶಾಲೆ ಮಕ್ಕಳದು, ಬನ್ನಿನ ಮೇಲಿನ ಆಸೆಯಿಂದ ಜಿಗುಟುಜಿಗುಟು. ಎಲ್ಲ ಎತ್ತಿದೆ. ಬಲಬಾಗಿಲು ಎಂದಿನಂತೆ ನುಣ್ಣಗಿತ್ತು. ಆ ಬಾಗಿಲಿಗೆ ನಾನು ಎಂದೂ ಬಿಲ್ಲೆ ಆಡಿಸಿದವಳೇ ಅಲ್ಲ. ಏನೂ ಇಲ್ಲದ ಕಡೆ ಉಜ್ಜಿದರೆ ಬಣ್ಣಕ್ಕೆ ಕೇಡು. ಅವತ್ತೂ ಒರೆಸಿ, ಮೇಣ ಹಚ್ಚಿ ಬಿಟ್ಟೆ. ಪಾಲಾಕ್ಷಪ್ಪ ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

"ಬಲಬಾಗಿಲು ಸರಿಯಾಗಿದೆಯಾ ಮಂಗಳಮ್ನೋರೆ?" ಎಂದು ಕೇಳಿದರು.

"ಗಾಜಿದ್ದ ಹಾಗಿದೆ."

"ಹಾಗಾದ್ರೆ ಇರ್ಲಿ ಬಿಡಿ," ಎಂದರು. ನಿಟ್ಟುಸಿರು ಬಿಟ್ಟಂತೆ ಕೇಳಿಸಿತು. ಕೆಲಸ ಸರಿಯಾಯಿತಲ್ಲ ಎಂಬ ಸಮಾಧಾನ ಅಂದುಕೊಂಡೆ.

ವ್ಯಾನು ರಸ್ತೆಗಿಳಿದು ಹತ್ತು ಮಾರು ಹೋಗಿ ಬಲಕ್ಕೆ ಎಳೆಯಿತು.

ನನ್ನ ಕೈಗೆ ಸಿಗದ್ದು ಯಾರ ಕೈಗೆ ಸಿಕ್ಕೀತು? ಉತ್ತರ ಗೊತ್ತಿತ್ತು, ಅದಕ್ಕೇ ಸಿಟ್ಟು. ಇಡೀ ಶನಿವಾರ ಬಕೆಟ್ಟುಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಭಾನುವಾರ ಬೆಳಿಗ್ಗೆ ಸೆರಗು ಬಿಗಿದು ಮೇಲಿನ ಪೇಟೆಗೆ ನಡೆದೆ. ಪಾಲಾಕ್ಷಪ್ಪನಿಗೆ ವ್ಯಾನು ತರಲು ಹೇಳಿ ಕಳಿಸಿದ್ದೆ. ಅವರು ಆಗಲೇ ಬಂದು ನಿಂತಿದ್ದರು. ದಾಕ್ಷಾಯಿಣಿ ಶೆಡ್ಡಿನ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ದಪ್ಪಗಾಗಿದ್ದಳು. ಅಣ್ಣನ ಮೂಗು, ಅಣ್ಣನ ಗಲ್ಲ.

"ಬನ್ನಿ ಅತ್ತಿಗೆ," ಎಂದಳು, ನೆನ್ನೆ ಬಂದು ಹೋದವಳಿಗೆ ಹೇಳಿದ ಹಾಗೆ.

"ಕೆಲಸಕ್ಕೆ ಬಂದೆ, ಕೂರೋಕಲ್ಲ."

"ಕೂರಿ ಅಂತ ನಾನೂ ಹೇಳ್ಲಿಲ್ಲ."

ಬೆರಳಿಗೆ ಕವರು ಹಾಕಿಕೊಂಡು ಅವಳು ವ್ಯಾನಿನ ಸುತ್ತ ಬಂದಳು. ಬಾನೆಟ್ಟು, ಎಡಬದಿ, ಹಿಂಬಾಗಿಲು. ನಾನು ಕಣ್ಣು ಮಿಟುಕಿಸದೆ ಅವಳ ಮುಖ ನೋಡುತ್ತಿದ್ದೆ. "ಕೈ ಇನ್ನೂ ಹಾಗೇ ಇದೆ ನಿಮ್ದು," ಎಂದು ಗೊಣಗಿದಳು. ಅವಳ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು. ಆಮೇಲೆ ಬಲಬಾಗಿಲಿಗೆ ಬಂದಳು. ಬೆರಳು ಇಟ್ಟವಳು ಹಾಗೇ ನಿಂತಳು. ಕೈ ಮುಂದೆ ಹೋಗಲಿಲ್ಲ. ಒಂದು ಸಲ ನನ್ನ ಮುಖ ನೋಡಿದಳು, ಒಂದು ಸಲ ಪಾಲಾಕ್ಷಪ್ಪನ ಮುಖ ನೋಡಿದಳು.

"ಪಾಲಾಕ್ಷಪ್ಪೋರೆ, ಮೂಲೆ ಹೋಟ್ಲಿಂದ ಮೂರು ಕಾಫಿ ತಂದುಬಿಡಿ. ಅವಸರ ಏನಿಲ್ಲ, ನಿಧಾನಕ್ಕೆ ಬನ್ನಿ," ಎಂದಳು. ಅವರು ತಲೆ ತಗ್ಗಿಸಿ ಹೋದರು.

"ಅತ್ತಿಗೆ, ಇಲ್ಲಿ ಕೈಯಿಡಿ."

ಇಟ್ಟೆ. "ನುಣ್ಣಗಿದೆಯಲ್ಲೇ."

"ನಿಮಗೆ ನುಣ್ಣಗೇ ಇರುತ್ತೆ. ಬೇರೆ ಯಾರಿಗೂ ಅಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಕೈ ಹಿಂದಕ್ಕೆ ತೆಗೆಯಲು ನೋಡಿದೆ. ಅವಳು ಬಿಡಲಿಲ್ಲ, ತನ್ನ ಕೈಯನ್ನು ಮೇಲಿಟ್ಟು ಒತ್ತಿ ಹಿಡಿದಳು.

"ಸುಳ್ಳು," ಎಂದೆ. "ನಾನು ಮೇಣ ನೋಡ್ತಿದ್ದೆ."

"ಮೇಣ ಬಾಗಿಲ ತುಂಬ ಇದೆ. ನೋಟ ಮಾತ್ರ ಕಿಟಕಿ ಕೆಳಗೆ, ಅವರ ಮೊಣಕೈ ಇರೋ ಕಡೆ ಒತ್ತೊತ್ತಾಗಿ ಕೂತಿದೆ. ಒಂದು ಪದರ ನೋಟ, ಒಂದು ಪದರ ಮೇಣ. ಮತ್ತೆ ನೋಟ, ಮತ್ತೆ ಮೇಣ. ವರ್ಷಗಟ್ಟಲೆಯದು. ನೀವೇ ಮುಚ್ಚಿ ಮುಚ್ಚಿ ಇಟ್ಟಿದ್ದೀರಿ."

"ಬೇರೆ ಯಾರದ್ದೋ ಇರಬಹುದು. ನಂದೇ ಅಂತ ಹೇಗೆ ಹೇಳ್ತೀಯ?"

"ಅಣ್ಣನ ಸ್ಕೂಟರ್ ಉಜ್ಜಿದವಳು ನಾನು ಅತ್ತಿಗೆ," ಎಂದಳು. ಧ್ವನಿ ಇದ್ದಕ್ಕಿದ್ದಂತೆ ತಗ್ಗಿತು. "ಹೊಸದಾಗಿ ಮದುವೆಯಾದಾಗ ಆ ಸ್ಕೂಟರ್ ಎಷ್ಟು ಭಾರ ಇರ್ತಿತ್ತು ಅಂತ ನಿಮಗೇನು ಗೊತ್ತು? ವಾರವಾರ ಎತ್ತಿ ಎತ್ತಿ ನನ್ನ ಕೈ ಬಿದ್ದುಹೋಗ್ತಿತ್ತು. ನಿಮ್ಮ ನೋಟ ನನ್ನ ಬೆರಳಿಗೆ ಮರೆಯುತ್ತಾ? ಅಣ್ಣ ಹೋದ ಮೇಲೆ ಈ ಊರಿನ ಎಷ್ಟು ಗಾಡಿ ಸವರಿದ್ದೀನಿ. ಎಲ್ಲಾದ್ರೂ ಒಂದು ಕಡೆ ನಿಮ್ಮದು ಸಿಗುತ್ತೇನೋ ಅಂತ ನೋಡ್ತಿದ್ದೆ. ಒಂದು ಹರಳೂ ಸಿಗ್ಲಿಲ್ಲ. ಯಾವುದನ್ನೂ ನೋಡೋದೇ ಬಿಟ್ಟುಬಿಟ್ರಾ ಅಂತ ಹೊಟ್ಟೆ ಉರಿಯೋದು. ಅದಕ್ಕೇ ಅವತ್ತು ಹಾಗೆಲ್ಲ ಬೈದೆ."

ನಾನು ಅತ್ತೆ. ಮುಚ್ಚುಮರೆ ಏನು, ಗೊಳೋ ಎಂದು ಅತ್ತೆ. ಅವಳೂ ಅತ್ತಳು. ಅಳುತ್ತಳುತ್ತಲೇ, "ಮೂಗು ಒರೆಸ್ಕೊಳ್ಳಿ, ಬಾಗಿಲ ಮೇಲೆ ತೊಟ್ಟಿಕ್ಕುತ್ತೆ. ಮೊನ್ನೆ ತಾನೇ ಮೇಣ ಹಚ್ಚಿದೀರಿ," ಎಂದಳು.

ಆಮೇಲೆ ಕೆಲಸದ ಮಾತು. ಸೋಮವಾರ ವ್ಯಾನು ಸೇತುವೆ ದಾಟಬೇಕು. ದಾಟಬೇಕಾದರೆ ಬಾಗಿಲಿನ ಭಾರ ಇಳಿಯಬೇಕು. ನನ್ನ ಕೈಯಿಂದ ಆಗದು, ಅವಳೇ ಉಜ್ಜಬೇಕು. "ಉಜ್ಜು," ಎಂದೆ. "ಪೂರ್ತಿ ತೆಗೆ. ಅವರಿಗೆ ಗೊತ್ತಾಗೋದು ಬೇಡ." ಅವಳು ನನ್ನನ್ನು ಒಂದು ಥರ ನೋಡಿ, ಹೊಸ ಬಿಲ್ಲೆ ತಂದು ನಾದತೊಡಗಿದಳು. ನೀರು ಚಿಮುಕಿಸಿದಳು. ಬಿಲ್ಲೆ ಬಾಗಿಲಿಗೆ ತಾಗಬೇಕು, ಅಷ್ಟರಲ್ಲಿ ಪಾಲಾಕ್ಷಪ್ಪ ಕಾಫಿಯ ತಟ್ಟೆ ಹಿಡಿದು ಬಂದರು. ತಟ್ಟೆಯನ್ನು ನೆಲದ ಮೇಲಿಟ್ಟವರೇ ನೇರವಾಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಅಂಗಿ ಒದ್ದೆಯಾಯಿತು.

"ಬೇಡಿ," ಎಂದರು.

"ಏನು ಬೇಡ?" ನಾನು ರೇಗಿದೆ. ರೇಗದೆ ಇನ್ನೇನು ಮಾಡಲಿ, ಮುಖವೆಲ್ಲ ಬಿಸಿಯಾಗಿತ್ತು.

"ಇದೊಂದು ಬಾಗಿಲು ಬೇಡಿ."

"ನಿಮಗೆ ಗೊತ್ತಿತ್ತಾ?"

"ಭಾನುವಾರ ನೀವು ಶೆಡ್ಡು ತೆಗೆಯಲ್ಲ," ಎಂದರು, ನೆಲ ನೋಡುತ್ತ. "ಅವತ್ತು ಎಳೆತ ಹೆಚ್ಚಾಗಲ್ಲ. ಮಿಕ್ಕ ದಿನ ನಿಮ್ಮ ರಸ್ತೆ ದಾಟಿದ ಕೂಡ್ಲೇ ಕೈಗೆ ಗೊತ್ತಾಗುತ್ತೆ. ದಿನಾ ಓಡಿಸೋನಿಗೆ ಅಷ್ಟೂ ತಿಳಿಯಲ್ವಾ."

"ತಿಳಿದ್ರೆ ಹೇಳಬೇಕಾಗಿತ್ತು! ನಾಲೆಗೆ ಬೀಳ್ತಿದ್ರಲ್ಲ!"

"ಹೇಳಿದ್ರೆ ನೀವು ತೆಗೆಸಿಬಿಡ್ತಿದ್ರಲ್ಲ, ಮಂಗಳಮ್ನೋರೆ."

ನನ್ನ ಬಾಯಿಗೆ ಆಗ ಬೀಗ ಬಿದ್ದದ್ದನ್ನು ದಾಕ್ಷಾಯಿಣಿ ಈಗಲೂ ಊರಿಗೆಲ್ಲ ಹೇಳಿಕೊಂಡು ನಗುತ್ತಾಳೆ. ಕೊನೆಗೆ ಅವಳೇ ಕೇಳಿದಳು, ಸೋಮವಾರ ಏನು ಮಾಡುತ್ತೀರಿ ಎಂದು. ಅವರು ಅದನ್ನೂ ಯೋಚಿಸಿಟ್ಟಿದ್ದರು. "ಒಲೆ ಮುಂದೆ ನಿಲ್ತೀನಿ. ಗುಜರಿಗೆ ಹಾಕೋ ಕಾಲಕ್ಕೆ ಈ ಬಾಗಿಲು ನನಗೆ ಕೊಡಿ ಅಂತ ಉಮಾಪತೀನ ಕೇಳ್ಕೋತೀನಿ." ಐವತ್ತು ದಾಟಿದ ಗಂಡಸು ಒಂದು ತಗಡಿನ ಬಾಗಿಲಿಗಾಗಿ ರಸ್ತೆಯನ್ನೇ ಬಿಡಲು ಹೊರಟಿದ್ದ. ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಎರಡು ಬಾರಿಸೋಣ ಅನ್ನಿಸಿತು.

ಕಾಫಿ ಆರಿಹೋಗಿತ್ತು, ಹಾಗೇ ಕುಡಿದೆವು. ಬಿಸಿಲು ಏರಿತ್ತು. "ಅತ್ತಿಗೆನ ನಡೆಸ್ಬೇಡಿ, ಮನೆ ತನಕ ಬಿಟ್ಟುಬಿಡಿ," ಎಂದು ದಾಕ್ಷಾಯಿಣಿ ಅವರಿಗೆ ಹೇಳಿದಳು. ನಾನು ಬೇಡವೆಂದೆ, ಅವಳು ತಳ್ಳಿ ಕೂರಿಸಿದಳು. ವ್ಯಾನು ಹೊರಟಿತು. ಹೊರಟದ್ದೇ ಎಡಕ್ಕೆ ನುಗ್ಗಿ ಸೊಪ್ಪಿನವಳ ಬುಟ್ಟಿಯ ಪಕ್ಕದಲ್ಲೇ ಹೋಯಿತು. ಅವಳು ಬೈದದ್ದನ್ನು ಇಲ್ಲಿ ಬರೆಯಲಾರೆ. ಪಾಲಾಕ್ಷಪ್ಪ ಬ್ರೇಕು ತುಳಿದು ಸ್ಟೇರಿಂಗನ್ನೇ ನೋಡುತ್ತ ಕೂತರು.

"ಏನಾಯ್ತ್ರೀ?"

"ಎಳೀತಿಲ್ಲ," ಎಂದರು. "ಎಂದಿನ ಹಾಗೆ ಎಡಕ್ಕೆ ತಿರುಗಿಸಿ ಹಿಡಿದಿದ್ದೆ. ಅದು ಬಲಕ್ಕೆ ಎಳೀತಾನೇ ಇಲ್ಲ."

ನಿಧಾನವಾಗಿ ಮತ್ತೆ ಬಿಟ್ಟರು. ವ್ಯಾನು ಸರಳವಾಗಿ ಹೋಯಿತು. ಮೈದಾದ ಮೂಟೆಗೆ ಬಗ್ಗದ್ದು ನಾನು ಎಡಗಡೆ ಕೂತ ಕೂಡಲೇ ಬಗ್ಗಿತ್ತು. ಮನೆಯ ಮುಂದೆ ಇಳಿದೆ, ಒಳಗೆ ಹೋದೆ, ಬಾಗಿಲು ಹಾಕಿಕೊಂಡೆ.

ಭಾನುವಾರ ಉಳಿದ ಹೊತ್ತು ನನ್ನ ಜೊತೆ ನಾನೇ ಜಗಳವಾಡಿದೆ. ಉಪಾಯ ಗೊತ್ತಿತ್ತು, ಅದಕ್ಕೆ ತೆರಬೇಕಾದದ್ದೂ ಗೊತ್ತಿತ್ತು. ಗಂಡ ಹೋದವಳು, ನರೆತ ತಲೆಯವಳು, ಬೇರೆಯವರ ನೋಟ ಎತ್ತಿ ಜೀವನ ಮಾಡುವವಳು, ಬೆಳ್ಳಂಬೆಳಿಗ್ಗೆ ಬ್ರೆಡ್ ವ್ಯಾನಿನಲ್ಲಿ ಪಾಲಾಕ್ಷಪ್ಪನ ಪಕ್ಕ ಕೂತು ಊರ ಮುಂದೆ ಹೋಗುವುದೆಂದರೆ, ಏನು ಎತ್ತ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಊರಿನವರಿಗೆ ಈ ಲೆಕ್ಕ ಬಾಯಿಪಾಠ: ಯಾರ ನೋಟವೋ ಅವರೇ ಅದಕ್ಕೆ ಸಮ. ನಾನು ಕೂತರೆ ವ್ಯಾನು ನೆಟ್ಟಗಾಗುತ್ತದೆ, ವ್ಯಾನು ನೆಟ್ಟಗಾದರೆ ಬಾಗಿಲ ಮೇಲಿರುವುದು ಯಾರದು ಎಂದು ಮೂರು ಪೇಟೆಗೂ ಗೊತ್ತಾಗುತ್ತದೆ. ಕೂರದಿದ್ದರೆ ಅವರು ಒಲೆಯ ಮುಂದೆ. ಎದುರಿನ ರಸ್ತೆ ಖಾಲಿ.

ಸೋಮವಾರ ಸೇತುವೆಯ ಹತ್ತಿರ ಜಾತ್ರೆಯೇ ನೆರೆದಿತ್ತು. ಅಮ್ಜದ್ ಬಂದಿದ್ದ, ರೇವಣ್ಣ ಅಳತೆಯ ಟೇಪು ಕೊರಳಲ್ಲೇ ಬಿಟ್ಟುಕೊಂಡು ಬಂದಿದ್ದ, ದಾಕ್ಷಾಯಿಣಿ ಹೊಸ ಸೀರೆ ಉಟ್ಟು ಬಂದಿದ್ದಳು. ಉಮಾಪತಿ ಆ ತುದಿಯಲ್ಲಿ ಅಳಿಯನನ್ನು ಪಕ್ಕಕ್ಕಿಟ್ಟುಕೊಂಡು ನಿಂತಿದ್ದ. ಈ ತುದಿಯಲ್ಲಿ ವ್ಯಾನು, ಒಳಗೆ ಪಾಲಾಕ್ಷಪ್ಪ. ಸೋಲಲಿಕ್ಕೆಂದೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಂತಿತ್ತು. ಅವರು ಇಂಜಿನ್ ಚಾಲು ಮಾಡಿದರು.

ನಾನು ಗುಂಪಿನಿಂದ ಹೊರಗೆ ಬಂದೆ. ಎಡಬಾಗಿಲು ತೆಗೆದು, ಸೀಟಿನ ಮೇಲಿದ್ದ ಬನ್ನಿನ ಟ್ರೇಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಪಾಲಾಕ್ಷಪ್ಪ ನನ್ನನ್ನು ನೋಡಿದರು.

"ನನ್ನನ್ನೇನು ನೋಡ್ತೀರಿ," ಎಂದೆ, "ರಸ್ತೆ ನೋಡಿ."

ವ್ಯಾನು ಸೇತುವೆ ಹತ್ತಿತು. ಎರಡೂ ಕಡೆ ಅಂಗೈ ಅಗಲ ಜಾಗ. ಬಲಗಡೆಯ ಕಟ್ಟೆಯ ಮೇಲೆ ಹೋದ ಸಲ ಉಜ್ಜಿದ ಬಿಳಿ ಬಣ್ಣ ಇನ್ನೂ ಹಾಗೇ ಇತ್ತು. ಅದನ್ನು ತಾಗದೆ ದಾಟಿತು. ಟ್ರೇಯಲ್ಲಿದ್ದ ಬನ್ನುಗಳು ಒಂದಕ್ಕೊಂದು ತಾಗಲಿಲ್ಲ. ಇಡೀ ಊರು ನನ್ನನ್ನು ನೋಡುತ್ತಿತ್ತು, ವ್ಯಾನಿನ ಮೇಲೆ ಎಷ್ಟು ನೋಟ ಬೀಳುತ್ತಿದೆ ಎಂಬುದು ಕಸುಬಿನವಳಾದ ನನಗೆ ಚೆನ್ನಾಗಿ ಗೊತ್ತಿತ್ತು. ಬೀಳಲಿ, ಎತ್ತುವುದಕ್ಕೆ ನಾದಿನಿ ಇದ್ದಾಳೆ ಅಂದುಕೊಂಡೆ.

ಆ ತುದಿಯಲ್ಲಿ ಉಮಾಪತಿ ಕಿಟಕಿಯ ಹತ್ತಿರ ಬಂದ. ನನ್ನನ್ನು ನೋಡಿದ, ಬಲಬಾಗಿಲನ್ನು ನೋಡಿದ, ತಲೆ ಕೆರೆದುಕೊಂಡ. ಅವನಿಗೂ ಲೆಕ್ಕ ಹತ್ತಿತು. ಮುಖದಲ್ಲಿ ನಗು ಬಂತು, ವ್ಯಾಪಾರಿಯಲ್ಲವೇ, ನುಂಗಿಕೊಂಡ.

"ಇವತ್ತೇನೋ ದಾಟ್ತು ಮಂಗಳಕ್ಕ. ನಾಳೆ?"

ಪಾಲಾಕ್ಷಪ್ಪ ಏನೋ ಹೇಳಲು ಬಾಯಿ ತೆರೆದರು. ಅವರು ಅಳೆದು ತೂಗಿ ಮುಗಿಸುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ.

"ನಾಳೆನೂ ಕೂತ್ಕೋತೀನಿ," ಎಂದೆ. "ನಾಡಿದ್ದೂ."

ಪಾಲಾಕ್ಷಪ್ಪ ವ್ಯಾನು ಮುಂದಕ್ಕೆ ಬಿಟ್ಟರು. ಗೇರು ಬದಲಿಸುವುದನ್ನು ಮರೆತು ಆವತ್ತು ಎರಡನೇ ಗೇರಿನಲ್ಲೇ ಊರೆಲ್ಲ ಸುತ್ತಿದರು, ಒಂದು ಅಂಗಡಿಯವರಿಗೂ ಸರಿಯಾದ ಹೊತ್ತಿಗೆ ಬನ್ನು ಸಿಗಲಿಲ್ಲ.